ಕಬ್ಬಿಣದ ಕೀಲಿ ಮತ್ತು ಮಿದುಳಿನ ಕಾವಲು

ಮೂರ್ಛೆ ಬಂದು ಬಿದ್ದವರ ಕೈಗೆ ಕಬ್ಬಿಣ ಹಿಡಿಸುವ ರೂಢಿ ಕರ್ನಾಟಕದ ಉದ್ದಗಲಕ್ಕೂ ಇದೆ. ರಾಯಚೂರು ಜಿಲ್ಲೆಯ ಮಸ್ಕಿ, ಸಿಂಧನೂರು, ಲಿಂಗಸುಗೂರು ಸೀಮೆಯೂ ಇದಕ್ಕೆ ಹೊರತಲ್ಲ. ಸಂತೆಯಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಒಬ್ಬರು ಕುಸಿದು, ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂದರೆ ಸುತ್ತ ನೆರೆದವರಿಂದ ಮೊದಲು ಬರುವ ಮಾತು ‘ಕೀಲಿ ಕೊಡ್ರಿ, ಕಬ್ಬಿಣ ಕೊಡ್ರಿ’ ಎಂಬುದೇ. ಕೀಲಿಗೊಂಚಲು, ಕುಡುಗೋಲು, ಸರಳಿನ ತುಂಡು, ಯಾವುದು ಸಿಕ್ಕರೂ ಆದೀತು. ಸಿಗದಿದ್ದರೆ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿಯುತ್ತಾರೆ, ಇಲ್ಲವೇ ಕಾಲಿನ ಚಪ್ಪಲಿಯನ್ನೇ ಮೂಸಿಸುತ್ತಾರೆ. ಒಂದೆರಡು ನಿಮಿಷದಲ್ಲಿ ಸೆಳೆತ ನಿಲ್ಲುತ್ತದೆ, ಮುಷ್ಟಿ ಸಡಿಲಾಗುತ್ತದೆ, ಕೀಲಿ ನೆಲಕ್ಕೆ ಬೀಳುತ್ತದೆ. ಕಬ್ಬಿಣ ಕೆಲಸ ಮಾಡಿತು ಎಂದುಕೊಂಡು ಜನ ಚದುರುತ್ತಾರೆ.

ಅವರು ಕಂಡದ್ದು ಸುಳ್ಳಲ್ಲ. ಕಬ್ಬಿಣ ಕೊಟ್ಟ ಮೇಲೆ ಸೆಳೆತ ನಿಂತದ್ದು ನಿಜವೇ. ಕೊಡದಿದ್ದರೂ ನಿಲ್ಲುತ್ತಿತ್ತು ಎಂಬುದನ್ನು ನೋಡುವ ಅವಕಾಶ ಮಾತ್ರ ಒದಗಲಿಲ್ಲ; ಏನೂ ಮಾಡದೆ ಸುಮ್ಮನೆ ನಿಂತು ನೋಡುವ ಧೈರ್ಯ ಯಾವ ಗುಂಪಿಗೂ ಬಾರದು. ಮೈಯೆಲ್ಲ ಸೆಳೆಯುವ ಮೂರ್ಛೆಯಲ್ಲಿ ಮೊದಲು ಹತ್ತಿಪ್ಪತ್ತು ಸೆಕೆಂಡು ಸ್ನಾಯುಗಳು ಕೊರಡಿನಂತೆ ಬಿಗಿಯುತ್ತವೆ. ಆಗ ಮುಷ್ಟಿ ತಾನಾಗಿಯೇ ಮುಚ್ಚಿಕೊಳ್ಳುವುದರಿಂದ ರೋಗಿಯೇ ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದಂತೆ ಕಾಣುತ್ತದೆ. ಆಮೇಲೆ ಕೈಕಾಲು ಒಂದೇ ಲಯದಲ್ಲಿ ಜಗ್ಗತೊಡಗುತ್ತವೆ. ಜಗ್ಗಾಟದ ನಡುವಿನ ಬಿಡುವು ಹೆಚ್ಚುತ್ತ ಹೋಗಿ, ಸಾಮಾನ್ಯವಾಗಿ ಒಂದರಿಂದ ಮೂರು ನಿಮಿಷದೊಳಗೆ ಎಲ್ಲ ನಿಲ್ಲುತ್ತದೆ. ಯಾರದೋ ಜೇಬಿನಿಂದ ಕೀಲಿ ಹೊರಬರುವಷ್ಟರಲ್ಲಿ ಅರ್ಧ ಹೊತ್ತು ಕಳೆದಿರುತ್ತದೆ. ಐದು ನಿಮಿಷ ದಾಟಿದರೂ ನಿಲ್ಲದ ಸೆಳೆತವನ್ನು ವೈದ್ಯರು ತುರ್ತುಸ್ಥಿತಿ ಎಂದು ಎಣಿಸುತ್ತಾರೆ, ಅಂಥವು ಕಡಿಮೆ. ಉಳಿದವನ್ನೆಲ್ಲ ನಿಲ್ಲಿಸುವುದು ಯಾವುದು ಎಂಬ ಪ್ರಶ್ನೆಯೇ ತಡವಾಗಿ ಹುಟ್ಟಿತು. ಅದರ ಉತ್ತರದ ಒಂದು ಮುಖ್ಯ ಭಾಗ ಮಿದುಳಿನೊಳಗಿನ ರೋಗನಿರೋಧಕ ಕೋಶಗಳಲ್ಲಿದೆ ಎಂದು ತಿಳಿದದ್ದು ತೀರ ಈಚೆಗೆ.

ಕಬ್ಬಿಣವೇ ಏಕೆ ಎಂಬುದಕ್ಕೆ ಮೂರ್ಛೆಯ ಹೊರಗೆ ನೋಡಬೇಕು. ಬಾಣಂತಿಯ ಹಾಸಿಗೆಯ ಕೆಳಗೆ ಕುಡುಗೋಲು, ಕೂಸಿನ ತೊಟ್ಟಿಲಲ್ಲಿ ಕಬ್ಬಿಣದ ತುಂಡು, ಹೊಸ್ತಿಲಿಗೆ ಬಡಿದ ಲಾಳ: ಇವೆಲ್ಲ ‘ಗಾಳಿ’ ಸೋಕದಿರಲಿ ಎಂದು ಮಾಡುವವು. ಇದ್ದಕ್ಕಿದ್ದಂತೆ ಮನುಷ್ಯನನ್ನು ನೆಲಕ್ಕೆ ಕೆಡವಿ, ಕಣ್ಣು ಮೇಲಕ್ಕೆ ತಿರುಗಿಸಿ, ಎದ್ದ ಮೇಲೆ ಏನೂ ನೆನಪಿರದಂತೆ ಮಾಡುವ ರೋಗ ಗಾಳಿಯ ಕಾಟವೆಂದು ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಗಾಳಿಗೆ ಮದ್ದಾದ ಕಬ್ಬಿಣ ಮೂರ್ಛೆಗೂ ಮದ್ದಾಯಿತು. ಮಸ್ಕಿಯ ನೆಲಕ್ಕಂತೂ ಕಬ್ಬಿಣ ಹಳೆಯ ನೆಂಟ. 1915ರಲ್ಲಿ ಚಿನ್ನದ ಗಣಿಗಾರಿಕೆಯ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಬಿದ್ದ, ಅಶೋಕನ ಹೆಸರನ್ನೇ ಹೇಳುವ ಶಾಸನದಿಂದ ಊರು ಹೆಸರಾಯಿತು. 1954ರಲ್ಲಿ ಬಿ.ಕೆ. ಥಾಪರ್ ಅಲ್ಲಿ ನಡೆಸಿದ ಉತ್ಖನನದಲ್ಲಿ ತಾಮ್ರಶಿಲಾಯುಗದ ಪದರದ ಮೇಲೆ ಬೃಹತ್ ಶಿಲಾ ಸಂಸ್ಕೃತಿಯ ಪದರ ಕಾಣಿಸಿತು; ಕಬ್ಬಿಣ ಬಂದದ್ದು ಆ ಪದರದಲ್ಲಿ.

ಕೀಲಿ ಕೊಡುವುದರಿಂದ ಯಾರಿಗೂ ನೋವಾಗುವುದಿಲ್ಲ. ಬರೆ ಹಾಕುವುದು ಹಾಗಲ್ಲ. ಜ್ವರ ಏರಿ ಕೂಸಿಗೆ ಸೆಳೆತ ಬಂದರೆ ಕಾಯಿಸಿದ ಕಬ್ಬಿಣದಿಂದಲೋ ಅರಿಶಿನದ ಕೊಂಬಿನಿಂದಲೋ ಹೊಟ್ಟೆ, ಹಣೆಗಳ ಮೇಲೆ ಚುಟಿಗೆ ಇಡುತ್ತಿದ್ದರು. ಆ ಗುರುತು ಹೊತ್ತ ಹಿರಿಯರು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಈಗಲೂ ಕಾಣಸಿಗುತ್ತಾರೆ. ಇಲ್ಲಿಯೂ ಕೀಲಿಯ ಲೆಕ್ಕವೇ ನಡೆಯಿತು. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ಬರುವ ಜ್ವರದ ಸೆಳೆತ ಬಹುಪಾಲು ತಾನಾಗಿ ನಿಲ್ಲುತ್ತದೆ. ಮಗು ಬೆಳೆದಂತೆ ಮತ್ತೆ ಬಾರದೆ ಹೋಗುತ್ತದೆ. ಆ ಯಶಸ್ಸು ಬರೆಯ ಖಾತೆಗೆ ಜಮೆಯಾಯಿತು, ಸುಟ್ಟ ಗಾಯ ಮಗುವಿನ ಪಾಲಿಗೆ ಉಳಿಯಿತು.

ಶಾಸ್ತ್ರದ ವೈದ್ಯ ಈ ರೋಗವನ್ನು ಅಪಸ್ಮಾರ ಎಂದು ಕರೆಯಿತು: ಸ್ಮೃತಿ ತಪ್ಪಿಸುವಂಥದು ಎಂದರ್ಥ. ಚರಕಸಂಹಿತೆಯ ನಿದಾನಸ್ಥಾನದ ಎಂಟನೆಯ ಅಧ್ಯಾಯ, ಚಿಕಿತ್ಸಾಸ್ಥಾನದ ಹತ್ತನೆಯ ಅಧ್ಯಾಯ ಇದಕ್ಕೇ ಮೀಸಲು. ವಾತ, ಪಿತ್ತ, ಕಫ, ಸನ್ನಿಪಾತ ಎಂದು ನಾಲ್ಕು ಬಗೆ. ಹನ್ನೆರಡು ದಿನಕ್ಕೋ ಪಕ್ಷಕ್ಕೋ ತಿಂಗಳಿಗೋ ಮರಳಿ ಬರಬಹುದೆಂಬ ಗಮನಿಕೆ. ಬ್ರಾಹ್ಮಿ, ಬಜೆ, ಹಳೆಯ ತುಪ್ಪ, ಪಂಚಗವ್ಯ ಘೃತಗಳ ಚಿಕಿತ್ಸೆ. ಮೂಗಿಗೆ ಖಾರದ ನಸ್ಯ ಹಾಕುವುದನ್ನೂ, ಗೂಗೆ, ಕಾಗೆ, ಬೆಕ್ಕು, ಮುಂಗುಸಿ ಮೊದಲಾದವುಗಳ ಕೊಕ್ಕು, ಗರಿ, ಹಿಕ್ಕೆಗಳ ಹೊಗೆ ಕೊಡುವುದನ್ನೂ ಅದು ಹೇಳುತ್ತದೆ. ಉಳ್ಳಾಗಡ್ಡಿ, ಚಪ್ಪಲಿಗಳನ್ನು ಮೂಸಿಸುವವರು ಚರಕನನ್ನು ಓದಿದವರಲ್ಲ, ಆದರೂ ಎರಡೂ ಒಂದೇ ಎಣಿಕೆಯ ಮೇಲೆ ನಿಂತಿವೆ: ಘಾಟು ತಾಗಿದರೆ ಹೋದ ಪ್ರಜ್ಞೆ ಮರಳುತ್ತದೆ. ಶಿಲ್ಪದಲ್ಲಿ ಅಪಸ್ಮಾರ ನಟರಾಜನ ಕಾಲ ಕೆಳಗಿನ ಕುಬ್ಜ; ಅವನನ್ನು ತುಳಿದು ಹಿಡಿದಿದ್ದಾರೆಯೇ ಹೊರತು ಕೊಂದಿಲ್ಲ.

ಆಧುನಿಕ ವೈದ್ಯದ ದಾರಿ ಮಸ್ಕಿಯಿಂದ ದೂರ, ಬೆಂಗಳೂರಿನಲ್ಲಿ ತೆರೆದುಕೊಂಡಿತು. 1847ರಷ್ಟು ಹಿಂದಕ್ಕೆ ಮೂಲ ತೋರಿಸುವ ಅಲ್ಲಿನ ಹುಚ್ಚಾಸ್ಪತ್ರೆ ಮುಂದೆ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯಾಯಿತು. 1954ರಲ್ಲಿ ಅದರ ಜೊತೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆದವು. ಆ ಹೊತ್ತಿಗೆ ಮೂರ್ಛೆಯ ಮದ್ದಿನ ಚೀಲದಲ್ಲಿದ್ದ ಹೆಸರುಗಳಲ್ಲಿ ಮೂರು ಹಳೆಯವು: 1857ರಿಂದ ಬ್ರೋಮೈಡ್, 1912ರಿಂದ ಫಿನೊಬಾರ್ಬಿಟಾಲ್, 1938ರಿಂದ ಫೆನಿಟಾಯಿನ್. ಕೊನೆಯ ಎರಡು ಇಂದಿಗೂ ತಾಲ್ಲೂಕು ಆಸ್ಪತ್ರೆಗಳ ಮಾತ್ರೆಗಳು. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಯಳಂದೂರು ತಾಲ್ಲೂಕಿನ ಹಳ್ಳಿಗಳಲ್ಲಿ ಈ ಅಗ್ಗದ ಮಾತ್ರೆಗಳನ್ನೇ ವರ್ಷಗಟ್ಟಲೆ ಕೊಟ್ಟು ನೋಡಿದರು. ಬಹುಮಂದಿಯ ಮೂರ್ಛೆ ಹತೋಟಿಗೆ ಬಂತು. 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಆ ವರದಿಯನ್ನು ಪ್ರಕಟಿಸಿತು. 1990ರ ದಶಕದಲ್ಲಿ ನಿಮ್ಹಾನ್ಸ್ ವೈದ್ಯರು ಬೆಂಗಳೂರಿನ ನಗರ ಮತ್ತು ಹಳ್ಳಿಗಳ 1,02,557 ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿದಾಗ ಸಾವಿರಕ್ಕೆ 8.8 ಮಂದಿಗೆ ಮೂರ್ಛೆರೋಗವಿರುವುದು ಗೊತ್ತಾಯಿತು. ನಗರದಲ್ಲಿ ಇದು 5.7, ಹಳ್ಳಿಯಲ್ಲಿ 11.9. ಅಂತರ ಇಮ್ಮಡಿಗೂ ಮಿಕ್ಕಿತ್ತು.

ಕಾನೂನೂ ಈ ರೋಗವನ್ನು ಬಹುಕಾಲ ಗಾಳಿಯ ಸಾಲಿನಲ್ಲೇ ಇಟ್ಟಿತ್ತು. ಹಿಂದೂ ವಿವಾಹ ಕಾಯ್ದೆಯಲ್ಲಿ ಮರುಕಳಿಸುವ ಹುಚ್ಚಿನ ಪಕ್ಕದಲ್ಲೇ ಮೂರ್ಛೆಯೂ ಮದುವೆಗೆ ಅಡ್ಡಿಯೆಂದು ಕೂತಿತ್ತು. ಆ ಪದವನ್ನು ತೆಗೆದುಹಾಕಿದ್ದು 1999ರ ತಿದ್ದುಪಡಿ.

ಸೆಳೆತ ಏಕೆ ನಿಲ್ಲುತ್ತದೆ ಎಂಬ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನದ ಲಂಡನ್ನಿನ ವೈದ್ಯರ ಉತ್ತರ ಸರಳವಾಗಿತ್ತು: ದಣಿವು. ಮೂರ್ಛೆ ಎಂದರೆ ಮಿದುಳಿನ ಬೂದುದ್ರವ್ಯದ ಹಠಾತ್ ಅತಿಸ್ರಾವ ಎಂದು ಹ್ಯೂಲಿಂಗ್ಸ್ ಜಾಕ್ಸನ್ 1873ರಲ್ಲಿ ವಿವರಿಸಿದ. ಹಾಗೆ ಸುರಿದ ನರಕೋಶಗಳು ಬರಿದಾಗಿ ಸುಮ್ಮನಾಗುತ್ತವೆ ಎಂಬುದು ಆ ಕಾಲದ ತಿಳಿವಳಿಕೆ. ಮೂರ್ಛೆಯ ನಂತರ ಒಂದು ಕೈ ಕೆಲವು ಗಂಟೆ ಸೋತು ನಿಲ್ಲುವುದಕ್ಕೂ ಅದೇ ಕಾರಣ ಕೊಟ್ಟರು. ಇಪ್ಪತ್ತನೆಯ ಶತಮಾನದ ಕೊನೆಗೆ ಈ ಉತ್ತರ ಸಾಲದಾಯಿತು. ಮಿದುಳು ದಣಿದು ನಿಲ್ಲುವುದಕ್ಕಿಂತ ಹೆಚ್ಚಾಗಿ ತನ್ನನ್ನು ತಾನೇ ತಡೆಯುತ್ತದೆ ಎಂಬುದಕ್ಕೆ ಪುರಾವೆ ಸಿಗತೊಡಗಿತು.

ತಡೆಗಳಲ್ಲಿ ದೊಡ್ಡದು ಅಡೆನೋಸಿನ್ ಎಂಬ ಸಣ್ಣ ಅಣು. ಅದು ನರಕೋಶದ ಮೇಲಿನ ಎ1 ಗ್ರಾಹಕಕ್ಕೆ ಅಂಟಿಕೊಂಡರೆ ಒಂದು ಕೋಶದಿಂದ ಇನ್ನೊಂದಕ್ಕೆ ಹೋಗುವ ಸಂದೇಶ ಕುಗ್ಗುತ್ತದೆ. ಮೈಯೇ ತಯಾರಿಸಿಕೊಳ್ಳುವ ಮೂರ್ಛೆಯ ಮದ್ದು ಇದಾಗಿರಬಹುದೇ ಎಂದು 1985ರಲ್ಲಿ ಸಂಶೋಧಕರು ಕೇಳಿದರು. 1992ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಡ್ಯೂರಿಂಗ್ ಮತ್ತು ಸ್ಪೆನ್ಸರ್, ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿದ್ದ ರೋಗಿಗಳ ಮಿದುಳಿನಲ್ಲಿ ಕೂದಲೆಳೆಯಂಥ ನಳಿಕೆ ಇಟ್ಟು ಅಳೆದಾಗ, ಮೂರ್ಛೆಯ ಹೊತ್ತಿಗೆ ಅಡೆನೋಸಿನ್ ಹಲವು ಪಟ್ಟು ಏರಿ, ಸೆಳೆತ ನಿಂತ ಮೇಲೂ ಕೆಲಹೊತ್ತು ಉಳಿದದ್ದು ಕಂಡಿತು. ಇದಕ್ಕೆ ತಿರುಗುಮುರುಗಾದ ಸಾಕ್ಷಿ ದಮ್ಮಿನ ರೋಗಿಗಳಲ್ಲಿ ಮೊದಲೇ ಇತ್ತು: ದಮ್ಮಿಗೆ ಕೊಡುವ ಥಿಯೋಫಿಲಿನ್ ಅಡೆನೋಸಿನ್ನಿನ ಗ್ರಾಹಕವನ್ನು ಮುಚ್ಚುತ್ತದೆ, ಅದು ಮಿತಿಮೀರಿದರೆ ಸುಲಭಕ್ಕೆ ನಿಲ್ಲದ ಸೆಳೆತ ಬರುತ್ತದೆ. ತಡೆಯನ್ನು ಕಿತ್ತರೆ ಬಂಡಿ ನಿಲ್ಲುವುದಿಲ್ಲ. ಆದರೆ ಬೇಕಾದ ಜಾಗಕ್ಕೆ, ಬೇಕಾದ ಗಳಿಗೆಗೆ ಇಷ್ಟೊಂದು ಅಡೆನೋಸಿನ್ ಒದಗಿಸುವವರು ಯಾರು?

ಒದಗಿಸುವವರಲ್ಲಿ ಒಬ್ಬರ ಹೆಸರು 1919ರಿಂದಲೇ ಗೊತ್ತಿತ್ತು, ಕೆಲಸ ಗೊತ್ತಿರಲಿಲ್ಲ. ಮಿದುಳಿನಲ್ಲಿ ನರಕೋಶಗಳ ಜೊತೆಗೆ ಗ್ಲಿಯಾ ಎಂಬ ಕೋಶಗಳಿವೆ. ಜರ್ಮನಿಯ ವಿರ್ಖೋ 1856ರಲ್ಲಿ ಅವನ್ನು ಬರಿಯ ಅಂಟು ಎಂದು ಭಾವಿಸಿ ಆ ಹೆಸರು ಕೊಟ್ಟಿದ್ದ. ಮ್ಯಾಡ್ರಿಡ್‌ನ ಪಿಯೊ ದೆಲ್ ರಿಯೊ ಓರ್ತೆಗಾ ಬೆಳ್ಳಿಯ ಕಾರ್ಬೊನೇಟ್‌ನಿಂದ ಬಣ್ಣ ಕಟ್ಟುವ ಹೊಸ ಬಗೆ ಕಂಡುಕೊಂಡು, ಆ ಅಂಟಿನ ನಡುವೆ ಕವಲೊಡೆದ ಪುಟ್ಟ ಕೋಶಗಳ ಬೇರೊಂದು ಕುಲವಿರುವುದನ್ನು ತೋರಿಸಿದ. ಅವಕ್ಕೆ ಮೈಕ್ರೋಗ್ಲಿಯಾ ಎಂದು ಹೆಸರಿಟ್ಟ. ಗಾಯವಾದಾಗ ಇವು ಕವಲು ಒಳಗೆಳೆದುಕೊಂಡು ದುಂಡಗಾಗುತ್ತವೆ, ಸತ್ತ ಕೋಶಗಳನ್ನು ನುಂಗುತ್ತವೆ ಎಂದೂ ಬರೆದ. ಅವನ ಹಿರಿಯ ಕಹಾಲ್‌ಗೆ ಈ ವಿಂಗಡಣೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಮನಸ್ತಾಪ ಬೆಳೆದು 1920ರಲ್ಲಿ ಓರ್ತೆಗಾ ಕಹಾಲ್‌ನ ಪ್ರಯೋಗಾಲಯ ಬಿಡಬೇಕಾಯಿತು. ಕೋಶಗಳ ವಿಷಯದಲ್ಲಿ ಸರಿ ಎನಿಸಿಕೊಂಡವನು ಶಿಷ್ಯನೇ. ಇವು ಮಿದುಳಿನಲ್ಲಿ ಹುಟ್ಟಿದವಲ್ಲ, ಭ್ರೂಣದ ಹಳದಿ ಚೀಲದಿಂದ (ಯೋಕ್ ಸ್ಯಾಕ್) ಬಹಳ ಮೊದಲೇ ವಲಸೆ ಬಂದು ನೆಲೆ ನಿಂತವು ಎಂಬುದು 2010ರ ಇಲಿಗಳ ಅಧ್ಯಯನದಲ್ಲಿ ಖಚಿತವಾಯಿತು. ರಕ್ತದ ಬಿಳಿಕಣಗಳಿಗೆ ದೂರದ ಬಂಧುಗಳಾದ ಇವೇ ಮಿದುಳಿನ ರೋಗನಿರೋಧಕ ಪಡೆ.

ಗಾಯವಿಲ್ಲದಾಗ ಮೈಕ್ರೋಗ್ಲಿಯಾ ನಿದ್ದೆಯಲ್ಲಿರುತ್ತವೆ ಎಂದೇ ಎಂಬತ್ತು ವರ್ಷ ಪಠ್ಯಗಳು ಹೇಳಿದವು. ಸತ್ತ ಮಿದುಳಿನ ಬಿಲ್ಲೆಗಳನ್ನು ನೋಡಿದವರಿಗೆ ಹಾಗೆ ಕಂಡದ್ದು ಸಹಜ. 2005ರಲ್ಲಿ ಜೀವಂತ ಇಲಿಯ ಮಿದುಳನ್ನು ಹೊಸ ಬಗೆಯ ಲೇಸರ್ ಸೂಕ್ಷ್ಮದರ್ಶಕದಡಿ ಇಟ್ಟಾಗ ನೋಟ ಬೇರೆಯಾಯಿತು: ಕೋಶದ ಒಡಲು ಕದಲದೆ ಇದ್ದರೂ ಅದರ ಕವಲುಗಳು ಗಳಿಗೆಗೊಮ್ಮೆ ಚಾಚಿ, ಹಿಂದೆ ಸರಿದು, ಸುತ್ತಲನ್ನು ತಡವುತ್ತಲೇ ಇದ್ದವು. ಹೊಲದ ನಡುವಿನ ಮಂಚಿಕೆಯಲ್ಲಿ ಕೂತು ಸುತ್ತ ಕವಣೆ ಬೀಸುವ ಕಾವಲುಗಾರನ ಕೆಲಸವದು. ಎಲ್ಲಾದರೂ ಗಾಯವಾದರೆ ಅಲ್ಲಿಂದ ಚೆಲ್ಲುವ ಎಟಿಪಿ ಎಂಬ ಅಣುವಿನ ಜಾಡು ಹಿಡಿದು ಕವಲುಗಳು ನಿಮಿಷಗಳಲ್ಲಿ ಅತ್ತ ಧಾವಿಸುತ್ತವೆ.

ಮೂರ್ಛೆಯಲ್ಲಿಯೂ ಹೀಗೇ ಆಗುತ್ತದೆಯೇ? 2014ರಲ್ಲಿ ಅಮೆರಿಕದ ರಟ್‌ಗರ್ಸ್ ವಿಶ್ವವಿದ್ಯಾಲಯದ ತಂಡ ಹೌದೆಂದಿತು. ನರಕೋಶಗಳು ಅತಿಯಾಗಿ ಸಿಡಿಯುವಾಗ ಹೊರಬೀಳುವ ಎಟಿಪಿಯನ್ನು ಪಿ2ವೈ12 ಎಂಬ ಗ್ರಾಹಕದಿಂದ ಗುರುತಿಸಿ ಮೈಕ್ರೋಗ್ಲಿಯಾ ಆ ಕೋಶಗಳತ್ತ ಕವಲು ಚಾಚುತ್ತವೆ. ಆ ಗ್ರಾಹಕವಿಲ್ಲದ ಇಲಿಗಳಿಗೆ ಬಂದ ಸೆಳೆತ ಹೆಚ್ಚು ಉಗ್ರವಾಗಿತ್ತು. ಅಂದರೆ ಅತ್ತ ಚಾಚಿದ ಕವಲುಗಳು ಅಲ್ಲಿ ಏನೋ ಒಳ್ಳೆಯದನ್ನು ಮಾಡುತ್ತಿದ್ದವು. ಆ ಒಳ್ಳೆಯದು ಯಾವುದೆಂದು 2020ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್‌ನ ಆನ್ ಶೇಫರ್ ತಂಡ ನೇಚರ್ ಪತ್ರಿಕೆಯಲ್ಲಿ ವಿವರಿಸಿತು. ಮೈಕ್ರೋಗ್ಲಿಯಾದ ಮೈಮೇಲೆ ಸಿಡಿ39 ಎಂಬ ಕಿಣ್ವವಿದೆ. ಅದು ಎಟಿಪಿಯನ್ನು ಕತ್ತರಿಸುತ್ತದೆ. ಉಳಿದ ತುಂಡನ್ನು ಸಿಡಿ73 ಎಂಬ ಇನ್ನೊಂದು ಕಿಣ್ವ ಅಡೆನೋಸಿನ್ ಮಾಡುತ್ತದೆ. ಅಡೆನೋಸಿನ್ ಎ1 ಗ್ರಾಹಕದ ಮೂಲಕ ಅದೇ ನರಕೋಶಗಳ ಬಾಯಿ ಮುಚ್ಚಿಸುತ್ತದೆ. ಗದ್ದಲ ಹೆಚ್ಚಿದಷ್ಟೂ ಎಟಿಪಿ ಹೆಚ್ಚು, ಎಟಿಪಿ ಹೆಚ್ಚಿದಷ್ಟೂ ತಡೆ ಬಲ. ಮೈಕ್ರೋಗ್ಲಿಯಾ ತೆಗೆದುಹಾಕಿದ ಇಲಿಗಳಿಗೆ, ಉಳಿದವಕ್ಕೆ ಅಷ್ಟಾಗಿ ತಾಗದ ಪ್ರಮಾಣದ, ಸೆಳೆತ ಬರಿಸುವ ಮದ್ದಿನಿಂದಲೂ ತೀವ್ರ ಸೆಳೆತ ಬಂತು. ಅಡೆನೋಸಿನ್ನಿಗೆ ಬೇರೆ ಮೂಲಗಳೂ ಇವೆ; ಸೆಳೆತ ನಿಲ್ಲಿಸುವಲ್ಲಿ ಮಿದುಳಿನ ಆಮ್ಲತೆಯಂಥ ಬೇರೆ ತಡೆಗಳೂ ಕೈಜೋಡಿಸುತ್ತವೆ. ಅಷ್ಟಾದರೂ, ಕೀಲಿಗೆ ಸಂದ ಹೆಸರಿನ ಒಂದು ಪಾಲು ಸಲ್ಲಬೇಕಾದದ್ದು ಈ ಕಾವಲುಕೋಶಗಳಿಗೆ.

ಕಾವಲುಗಾರ ಹಚ್ಚಿದ ಬೆಂಕಿಯೇ ಬೆಳೆ ಸುಡುವುದೂ ಉಂಟು. 1958ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಶಸ್ತ್ರವೈದ್ಯ ಥಿಯೋಡರ್ ರಾಸ್‌ಮುಸೆನ್, ಮಿದುಳಿನ ಒಂದೇ ಪಕ್ಕದಲ್ಲಿ ಉರಿಯೂತವಾಗಿ ಬಿಡದೆ ಮೂರ್ಛೆ ಬರುತ್ತಿದ್ದ ಮಕ್ಕಳ ವಿಷಯ ಬರೆದರು. ಆ ರೋಗಕ್ಕೆ ಈಗ ಅವರದೇ ಹೆಸರು. ಅಂಥ ಮಿದುಳಿನ ಬಿಲ್ಲೆಗಳಲ್ಲಿ ಮೈಕ್ರೋಗ್ಲಿಯಾ ಗುಂಪುಗೂಡಿ ಗಂಟುಗಳಾಗಿರುತ್ತವೆ. ಬಹುಕಾಲ ಇದನ್ನು ಅಪರೂಪದ ವಿಚಿತ್ರವೆಂದು ಬದಿಗಿಟ್ಟರು. 1999ರಿಂದೀಚೆಗೆ ಮಿಲಾನ್‌ನ ಅನ್ನಮರಿಯಾ ವೆಜ್ಜಾನಿ ತಂಡ ತೋರಿಸಿದ್ದು ಬೇರೆ: ದೀರ್ಘ ಸೆಳೆತದ ನಂತರ ಇಲಿಯ ಮಿದುಳಿನಲ್ಲಿ ಕೆರಳಿದ ಮೈಕ್ರೋಗ್ಲಿಯಾದಂಥ ಕೋಶಗಳಿಂದ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತದ ವಸ್ತು ಹೊರಡುತ್ತದೆ; ಅದನ್ನು ಹೊರಗಿನಿಂದ ಕೊಟ್ಟರೆ ಸೆಳೆತ ಉದ್ದವಾಗುತ್ತದೆ, ಅದನ್ನು ತಡೆದರೆ ಕುಗ್ಗುತ್ತದೆ. ಜ್ವರದ ಸೆಳೆತದಲ್ಲಿಯೂ ಇದೇ ವಸ್ತುವಿನ ಕೈವಾಡ 2005ರ ಇಲಿಗಳ ಪ್ರಯೋಗದಲ್ಲಿ ಕಂಡಿತು. ಹೀಗೆ ಒಂದೇ ಕೋಶ ಮೊದಲ ನಿಮಿಷಗಳಲ್ಲಿ ಸೆಳೆತ ತಗ್ಗಿಸುತ್ತದೆ. ಸೆಳೆತ ಮರುಕಳಿಸಿ ದಿನ, ವಾರಗಳು ಕಳೆದರೆ ಮುಂದಿನ ಸೆಳೆತಕ್ಕೆ ನೆಲ ಹಸನು ಮಾಡುತ್ತದೆ. ಮೂರ್ಛೆ ಬಂದ ಮೇಲೆ ಮಾತ್ರೆ ತಡಮಾಡಬಾರದು ಎನ್ನುವುದಕ್ಕೆ ಬಿದ್ದು ಪೆಟ್ಟಾಗುವ ಭಯದ ಜೊತೆಗೆ ಈ ಒಳಗಿನ ಕಾರಣವೂ ಸೇರಿತು.

ಈ ಎರಡನೆಯ ಮುಖಕ್ಕೆ ಭಾರತದಲ್ಲಿ ಅತ್ಯಂತ ಸ್ಪಷ್ಟ ಉದಾಹರಣೆ ಲಾಡಿಹುಳುವಿನದು. ಹಂದಿಯ ಲಾಡಿಹುಳುವಿನ ಮೊಟ್ಟೆ ಮಲದಿಂದ ಮಣ್ಣು, ನೀರು, ಸೊಪ್ಪುಗಳ ಮೂಲಕ ಹೊಟ್ಟೆ ಸೇರಿದರೆ ಮರಿ ರಕ್ತದಲ್ಲಿ ಸಾಗಿ ಮಿದುಳಿನಲ್ಲಿ ಗುಳ್ಳೆಯಾಗಿ ಕೂರಬಹುದು. ಹಂದಿಮಾಂಸ ಮುಟ್ಟದವರಿಗೂ ಇದು ತಪ್ಪದು. ಗುಳ್ಳೆ ಜೀವಂತವಿರುವಷ್ಟು ಕಾಲ, ಕೆಲವೊಮ್ಮೆ ವರ್ಷಗಟ್ಟಲೆ, ನಿರೋಧಕ ಪಡೆಯ ಕಣ್ಣಿಗೆ ಮಣ್ಣೆರಚಿ ತೆಪ್ಪಗಿರುತ್ತದೆ. ಅದು ಸಾಯುವಾಗ ಪಡೆ ಮುತ್ತುತ್ತದೆ, ಊತವಾಗುತ್ತದೆ, ಮೂರ್ಛೆ ಬರುತ್ತದೆ. 1980ರ ದಶಕದಲ್ಲಿ ಸಿ.ಟಿ. ಸ್ಕ್ಯಾನ್ ಬಂದಾಗ ಭಾರತೀಯ ರೋಗಿಗಳಲ್ಲಿ ಉಂಗುರದಂಥ ಒಂಟಿ ಚುಕ್ಕೆ ಮೇಲಿಂದ ಮೇಲೆ ಕಂಡಿತು. ಅದನ್ನು ಕ್ಷಯದ ಗಂಟೆಂದು ಬಗೆದು ತಿಂಗಳುಗಟ್ಟಲೆ ಕ್ಷಯದ ಮದ್ದು ನುಂಗಿಸಿದರು. ವೆಲ್ಲೂರಿನ ಚಾಂಡಿ, ರಾಜಶೇಖರ್ ಮೊದಲಾದವರು 1989ರಲ್ಲಿ ಅಂಥ ಚುಕ್ಕೆಗಳನ್ನು ತೆಗೆದು ಪರೀಕ್ಷಿಸಿ, ಒಳಗಿರುವುದು ಬಹುಪಾಲು ಸಾಯುತ್ತಿರುವ ಲಾಡಿಹುಳುವಿನ ಮರಿ ಎಂದು ತೋರಿಸಿದರು. ಅನೇಕ ಚುಕ್ಕೆಗಳು ತಾವೇ ಕರಗುತ್ತವೆ. ಮೂರ್ಛೆಯ ಮಾತ್ರೆಯೊಂದಿಗೆ ಊತ ಇಳಿಸಲು ಸ್ಟೀರಾಯ್ಡ್ ಕೊಡುವುದುಂಟು. ಇಲ್ಲಿ ವೈದ್ಯರು ತಣಿಸುವುದು ಹುಳುವನ್ನಲ್ಲ, ಕಾವಲನ್ನು.

ಕರ್ನಾಟಕದ್ದೇ ಎನ್ನಬಹುದಾದ ಒಂದು ಮೂರ್ಛೆಯೂ ಇದೆ. ಹಂಡೆಯಲ್ಲಿ ಕಾದ ನೀರನ್ನು ಚೊಂಬಿನಿಂದ ಎಡೆಬಿಡದೆ ತಲೆಗೆ ಹುಯ್ದುಕೊಳ್ಳುವಾಗ ಕೆಲವರಿಗೆ ಅಲ್ಲೇ ಮೂರ್ಛೆ ಬರುತ್ತದೆ. ಡಾ. ಮಣಿ ಮತ್ತು ಸಂಗಡಿಗರು 1968ರಲ್ಲಿ ಇದನ್ನು ವರದಿ ಮಾಡಿದರು, ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ತಂಡ 1988ರಲ್ಲಿ 279 ರೋಗಿಗಳ ವಿವರ ಪ್ರಕಟಿಸಿತು. ಹಳೆ ಮೈಸೂರು ಸೀಮೆಯಲ್ಲಿ ಹೆಚ್ಚು ಕಾಣುವ ಇದಕ್ಕೆ ನೀರಿನ ಬಿಸಿ ತಗ್ಗಿಸುವುದೇ ಮೊದಲ ಮದ್ದು. ನಿಮ್ಹಾನ್ಸ್‌ನಲ್ಲಿ ಇಲಿಗಳಿಗೆ ಬಿಸಿನೀರಿನಿಂದಲೇ ಸೆಳೆತ ಬರಿಸಿ ಅಭ್ಯಾಸ ಮಾಡಿದರು. ಅದೇ ಸಂಸ್ಥೆಯಲ್ಲಿ ಡಾ. ಎಸ್.ಕೆ. ಶಂಕರ್ 1995ರಲ್ಲಿ ಕಟ್ಟಿದ ಮಿದುಳು ಭಂಡಾರ, ಮೂರ್ಛೆಯ ಹಾಗೂ ಇತರ ರೋಗಗಳ ಮಾನವ ಮಿದುಳಿನ ಅಂಗಾಂಶವನ್ನು ಸಂಶೋಧನೆಗೆ ಕಾದಿಡುತ್ತದೆ. ಇಲಿಯಲ್ಲಿ ಕಂಡದ್ದು ಮನುಷ್ಯನಲ್ಲಿಯೂ ನಿಜವೇ ಎಂದು ತಾಳೆ ನೋಡಲು ಅಂಥ ಭಂಡಾರಗಳೇ ಬೇಕು.

ಈ ತಿಳಿವಳಿಕೆ ಮದ್ದಾಗಿ ಇಳಿದು ಬಂದದ್ದು ಇನ್ನೂ ಅಲ್ಪ. ಇಂಟರ್‌ಲ್ಯೂಕಿನ್-1ಅನ್ನು ತಡೆಯುವ, ಸಂಧಿವಾತಕ್ಕೆಂದು ಮಾಡಿದ ಅನಕಿನ್ರಾವನ್ನು, ಜ್ವರದ ಬೆನ್ನಿಗೇ ಬರುವ ಅಪರೂಪದ, ಯಾವ ಮಾತ್ರೆಗೂ ಬಗ್ಗದ ಮೂರ್ಛೆಯಲ್ಲಿ ಕೊಡುತ್ತಿದ್ದಾರೆ. ಮೈಕ್ರೋಗ್ಲಿಯಾವನ್ನೇ ಅಡಗಿಸಿದರೆ ಉರಿಯೊಂದಿಗೆ ತಡೆಯೂ ಹೋಗುತ್ತದೆ. ಅಡೆನೋಸಿನ್ನನ್ನೇ ರಕ್ತಕ್ಕೆ ಕೊಟ್ಟರೆ ಹೃದಯದ ಬಡಿತ ಕುಸಿಯುತ್ತದೆ. ಅತಿವೇಗದ ಬಡಿತಕ್ಕೆ ಅದು ಆಸ್ಪತ್ರೆಯಲ್ಲಿ ಕೊಡುವ ಚುಚ್ಚುಮದ್ದೇ ಆಗಿದೆ. ಆದ್ದರಿಂದ ನಿಲ್ಲದ ಸೆಳೆತಕ್ಕೆ ಇಂದು ಮನೆಯಲ್ಲಿ ಬಳಸುವುದು ಬೇರೆ ದಾರಿಯಲ್ಲಿ ನರಕೋಶಗಳನ್ನು ತಣಿಸುವ ಮಿಡಜೋಲಮ್; ಅದನ್ನು ಮೂಗಿಗೆ ಸಿಂಪಡಿಸುತ್ತಾರೆ. ಉಳಿದಂತೆ ನೋಡುಗರ ಪಾಲಿಗೆ ಬರುವ ಕೆಲಸ ಕೆಲವೇ: ಬಿದ್ದವರನ್ನು ಒಲೆ, ಬಾವಿ, ಕಾಲುವೆಗಳ ಅಂಚಿನಿಂದ ಸರಿಸುವುದು, ಪಕ್ಕಕ್ಕೆ ಮಲಗಿಸುವುದು, ಹಲ್ಲುಗಳ ನಡುವೆ ಚಮಚ ತುರುಕದಿರುವುದು, ಗಡಿಯಾರ ನೋಡುವುದು, ಐದು ನಿಮಿಷವಾದರೆ 108ಕ್ಕೆ ಕರೆಮಾಡುವುದು. ಅಷ್ಟರೊಳಗೆ ಯಾರಾದರೂ ಕೀಲಿಗೊಂಚಲನ್ನು ಕೈಗಿಟ್ಟರೆ ಅದರಿಂದ ಕೆಡುಕಿಲ್ಲ.